60 ಕೆಜಿಯಿಂದ 65ಕ್ಕೆ ಏರಿದ ಹುಡುಗನ ಮುಂದಿನ ದಾರಿ ಹೇಗೆ ಅಳೆಯುವುದು?

ಪ್ರಶ್ನೆ, ದಾವಣಗೆರೆಯಿಂದ:

ನನ್ನ ಅಕ್ಕನ ಮಗನಿಗೆ ಈಗ 19 ವರ್ಷ. ಯುವ ವಿಭಾಗದಲ್ಲಿ ಎರಡು ವರ್ಷ 60 ಕೆಜಿ ತೂಕದಲ್ಲಿ ಬಾಕ್ಸಿಂಗ್ ಆಡಿ ಒಳ್ಳೆಯ ಹೆಸರು ಮಾಡಿದ್ದ. ಈ ವರ್ಷ ಹಿರಿಯರ ವಿಭಾಗಕ್ಕೆ ಬಂದವನು 65 ಕೆಜಿಗೆ ಏರಿದ್ದಾನೆ. ಎತ್ತರ 170 ಸೆಂ.ಮೀ. ಹೊಸ ತೂಕದಲ್ಲಿ ಆಡಿದ ಮೂರು ಪಂದ್ಯಗಳಲ್ಲಿ ಒಂದನ್ನು ಗೆದ್ದು ಎರಡರಲ್ಲಿ ಸೋತಿದ್ದಾನೆ. ಹಳೆಯ ತೂಕಕ್ಕೇ ಇಳಿಯಲಿ ಎಂದು ಅಕ್ಕ ಹಟ ಹಿಡಿದಿದ್ದಾಳೆ. ನಮ್ಮ ಓಣಿಯ ಗರಡಿಯ ಹಿರಿಯರೊಬ್ಬರು ಬಾದಾಮಿ, ತುಪ್ಪ ತಿನ್ನಿಸಿ 70 ಕೆಜಿಗೇ ಕಳುಹಿಸಿ ಎನ್ನುತ್ತಾರೆ. ಸೋದರಮಾವನಾಗಿ ಅವನ ಖರ್ಚುವೆಚ್ಚ ನೋಡಿಕೊಳ್ಳುತ್ತಿರುವ ನನಗೆ ಯಾರ ಮಾತು ಕೇಳಬೇಕೆಂದು ತಿಳಿಯುತ್ತಿಲ್ಲ. ಈ ಹಾದಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕು.

ಉತ್ತರ, ಹಿಂದೆ ಆಡಿ ಈಗ ಮಕ್ಕಳಿಗೆ ಕಲಿಸುತ್ತಿರುವವರಿಂದ:

ಮಾನ್ಯರೇ, ಗೆಲುವು ಸೋಲಿನ ಲೆಕ್ಕ ಕೊಟ್ಟಿದ್ದೀರಿ, ಆದರೆ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿಯೊಂದು ಬಿಟ್ಟುಹೋಗಿದೆ. 60 ಕೆಜಿಯಲ್ಲಿ ಆಡುತ್ತಿದ್ದ ದಿನಗಳಲ್ಲಿ, ಸ್ಪರ್ಧೆ ಇಲ್ಲದಾಗ ಹುಡುಗನ ತೂಕ ಎಷ್ಟಿರುತ್ತಿತ್ತು? 61ರ ಆಸುಪಾಸಿನಲ್ಲಿದ್ದು ಈಗ ತಿಂದು 65 ಮಾಡಿಕೊಂಡಿದ್ದರೆ ಅವನು ನಿಜಕ್ಕೂ ಮೇಲಿನ ತೂಕಕ್ಕೆ ಹೋಗಿದ್ದಾನೆ. ಆಗಲೂ 65ರ ಹತ್ತಿರವೇ ಇದ್ದು, ಪ್ರತಿ ಸಲ ನಾಲ್ಕೈದು ಕೆಜಿ ಒಣಗಿಸಿಕೊಂಡು ತಕ್ಕಡಿ ಹತ್ತುತ್ತಿದ್ದನಾದರೆ ಅವನು ಈಗ ತನ್ನ ತೂಕಕ್ಕೆ ಬಂದಿದ್ದಾನೆ, ಅಷ್ಟೆ. ಹೊರಗಿನಿಂದ ಎರಡೂ ಒಂದೇ ಆಗಿ ಕಾಣುತ್ತವೆ, ಆದರೆ ಭವಿಷ್ಯ ಬೇರೆ ಬೇರೆ.

ನಾನು ಎರಡನೆಯ ಬಗೆಯವನಾಗಿದ್ದೆ. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿನಲ್ಲಿ ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಹೈಸ್ಕೂಲ್ ಮೈದಾನ ಸುತ್ತುತ್ತಿದ್ದೆ. ಹಿಂದಿನ ಸಂಜೆಯಿಂದಲೇ ನೀರು ಬಿಟ್ಟು, ನಿಂಬೆಹುಳಿ ಚೀಪಿ ಉಗುಳನ್ನು ಬಾಟಲಿಗೆ ಉಗುಳುತ್ತಿದ್ದೆ. ಬೆಳಿಗ್ಗೆ ತಕ್ಕಡಿ ಇಳಿದ ಮೇಲೆ ಎಷ್ಟು ನೀರು ಕುಡಿದರೂ ಬಾಯಿ ಒದ್ದೆಯಾಗುತ್ತಿರಲಿಲ್ಲ. ಹಲ್ಲಿನ ಗಾರ್ಡ್ ತೆಗೆದಾಗ ತುಟಿಯ ಸಿಪ್ಪೆ ಅದರ ಜೊತೆಗೇ ಕಿತ್ತು ಬರುತ್ತಿತ್ತು. ಕೊನೆಯ, ಅಂದರೆ ಮೂರನೆಯ ಸುತ್ತಿನಲ್ಲಿ ಎದುರಾಳಿಯ ಹೊಡೆತ ಬರುವುದು ಕಣ್ಣಿಗೆ ಕಾಣುತ್ತಿತ್ತು, ತಡೆಯಲು ಕೈ ಏಳುತ್ತಿರಲಿಲ್ಲ. ವೃತ್ತಿಪರರಿಗೆ ತೂಕ ನೋಡುವುದು ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ, ಆದ್ದರಿಂದ ಅವರಿಗೆ ಚೇತರಿಸಿಕೊಳ್ಳಲು ಒಂದು ರಾತ್ರಿ ಸಿಗುತ್ತದೆ. ನಮ್ಮ ಹುಡುಗರು ಪಂದ್ಯವಿರುವ ದಿನವೇ ಬೆಳಿಗ್ಗೆ ತಕ್ಕಡಿ ಹತ್ತಬೇಕು, ಗೆದ್ದು ಮುಂದೆ ಹೋದರೆ ಮುಂದಿನ ಪಂದ್ಯದ ದಿನ ಮತ್ತೆ ಹತ್ತಬೇಕು. ಒಣಗಿದ ಮೈಯಲ್ಲಿ ಪೆಟ್ಟು ತಿನ್ನುವುದು ಮಿದುಳಿಗೂ ಅಪಾಯ. ಈ ಒಂದು ಮಾತನ್ನು ನಿಮ್ಮ ಅಕ್ಕನವರಿಗೆ ಕೈಮುಗಿದು ಹೇಳುತ್ತೇನೆ.

ಇನ್ನು ಸೋಲಿನ ವಿಚಾರ. ಅವನಿಗೆ ಒಂದೇ ವರ್ಷದಲ್ಲಿ ಎರಡು ಬದಲಾವಣೆ ಆಗಿವೆ. ಯುವ ವಿಭಾಗದಲ್ಲಿ ತಲೆಗೆ ಹೆಡ್‌ಗಾರ್ಡ್ ಇತ್ತು. ಹಿರಿಯ ಪುರುಷರ ವಿಭಾಗದಲ್ಲಿ 2013ರಿಂದಲೇ ಅದನ್ನು ತೆಗೆದಿದ್ದಾರೆ. ಎದುರಿಗೆ ನಿಂತವರೂ ಈಗ ಇಪ್ಪತ್ತೈದು ವಯಸ್ಸಿನ ಬಲಿತ ಆಳುಗಳು. ಹೀಗಿರುವಾಗ ಸೋತದ್ದನ್ನೆಲ್ಲ ತೂಕದ ತಲೆಗೆ ಕಟ್ಟುವುದು ಸರಿಯಲ್ಲ. 60ರಲ್ಲೇ ಉಳಿದಿದ್ದರೂ ಮೊದಲ ವರ್ಷ ಏಟು ತಿನ್ನಬೇಕಾಗುತ್ತಿತ್ತು ಎಂಬುದು ನನ್ನ ನಂಬಿಕೆ.

ದೊಡ್ಡವರ ಉದಾಹರಣೆಗಳು ಎರಡೂ ಕಡೆ ಸಿಗುತ್ತವೆ. ಮೇರಿ ಕೋಮ್ 2010ರೊಳಗೆ ಗೆದ್ದ ಐದು ವಿಶ್ವ ಚಿನ್ನಗಳೂ 48 ಕೆಜಿ ಮತ್ತು ಅದಕ್ಕಿಂತ ಕೆಳಗಿನ ತೂಕಗಳವು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 51ಕ್ಕಿಂತ ಕಡಿಮೆ ತೂಕವೇ ಇರಲಿಲ್ಲವಾದ್ದರಿಂದ ಅವರು ಏರಲೇಬೇಕಾಯಿತು; ಕಂಚು ತಂದರು, ಆದರೆ 2018ರಲ್ಲಿ ಮತ್ತೆ ವಿಶ್ವ ಚಿನ್ನ ಬಂದದ್ದು 48ಕ್ಕೆ ಇಳಿದಾಗಲೇ. ಲವ್ಲೀನಾ ಬೊರ್ಗೊಹೈನ್ ಟೋಕಿಯೋದಲ್ಲಿ 69 ಕೆಜಿ ಕಂಚು ಗೆದ್ದ ಮೇಲೆ ಆ ತೂಕವೇ ಪ್ಯಾರಿಸ್ ಪಟ್ಟಿಯಿಂದ ಹೋಯಿತು. ಉಳಿದ ದಾರಿ ಎರಡೇ, 66 ಅಥವಾ 75. ಎತ್ತರದ ಮೈಕಟ್ಟಿನ ಅವರು ಮೇಲಕ್ಕೆ ಹೋಗಿ 2023ರಲ್ಲಿ ವಿಶ್ವ ಚಾಂಪಿಯನ್ ಆದರು. ಅಮಿತ್ ಪಂಘಾಲ್ ಅವರದು ನನ್ನ ಮನಸ್ಸಿನಲ್ಲಿ ಹೆಚ್ಚು ಕೂತಿರುವ ಕಥೆ. 49ರಿಂದ 52ಕ್ಕೆ ಏರಿ 2019ರ ವಿಶ್ವ ಕೂಟದಲ್ಲಿ ಬೆಳ್ಳಿ ಗೆದ್ದರು. ಟೋಕಿಯೋದ ಮೊದಲ ಪಂದ್ಯದಲ್ಲೇ ಅವರನ್ನು ಸೋಲಿಸಿದ ಕೊಲಂಬಿಯಾದ ಮಾರ್ಟಿನೆಜ್ ಕೂಡ ರಿಯೋದಲ್ಲಿ 49 ಕೆಜಿಯ ಬೆಳ್ಳಿ ಗೆದ್ದಿದ್ದವರೇ. ಇಬ್ಬರೂ ಕೆಳಗಿನಿಂದ ಏರಿದವರೇ ಆಗಿದ್ದರಿಂದ ಆ ಸೋಲನ್ನು ಗಾತ್ರದ ಸೋಲೆಂದು ನಾನು ಹೇಳಲಾರೆ. ಮೇಲಿಂದ ಮೇಲೆ ನುಗ್ಗಿ ಹೊಡೆದ ವೇಗದ ಮುಂದೆ ನಮ್ಮವರಿಗೆ ಉಸಿರಾಡಲು ಬಿಡುವೇ ಸಿಗಲಿಲ್ಲ.

ಸೋತ ಎರಡು ಪಂದ್ಯಗಳ ವಿಡಿಯೊ ಫೋನಿನಲ್ಲಿದ್ದರೆ, ದನಿ ತೆಗೆದು ಮೂರನೆಯ ಸುತ್ತನ್ನು ಮಾತ್ರ ನೋಡಿ. ಇಬ್ಬರೂ ಅಪ್ಪಿಕೊಂಡು ರೆಫರಿ ಬಿಡಿಸಿದ ಮೇಲೆ ಹಿಂದೆ ಸರಿಯುವವನು ಯಾರು? ಇವನ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಬಿದ್ದಾಗ ಎದುರಾಳಿ ಒಂದು ಗಳಿಗೆ ನಿಲ್ಲುತ್ತಾನೋ, ಅದನ್ನು ಲೆಕ್ಕಿಸದೆ ನುಗ್ಗುತ್ತಾನೋ? ನುಗ್ಗುತ್ತಿದ್ದರೆ ಹೊಡೆತಕ್ಕೆ ಇನ್ನೂ ಆ ತೂಕದ ಬಲ ಬಂದಿಲ್ಲ. 60ರಲ್ಲಿ 170 ಸೆಂ.ಮೀ. ಎಂದರೆ ಕೈಚಾಚಿನಲ್ಲಿ ಅನುಕೂಲವಿತ್ತು, ದೂರ ನಿಂತು ಆಡಬಹುದಿತ್ತು. 65ರಲ್ಲಿ ಆ ಅನುಕೂಲ ಕರಗುತ್ತದೆ, ಹತ್ತಿರ ಹೋಗಿ ಆಡುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ನನಗೆ ಇದಕ್ಕೆ ಒಂದು ವರ್ಷದ ಮೇಲೆ ಹಿಡಿಯಿತು.

ಉತ್ತರ, ಚಿತ್ರದುರ್ಗದ ತಾಯಿಯೊಬ್ಬರಿಂದ:

ಅಣ್ಣನವರೇ, ನನ್ನ ಮಗಳು 54 ಕೆಜಿಯಿಂದ 57ಕ್ಕೆ ಹೋದಳು. ತೂಕ ಇಳಿಸುತ್ತಿದ್ದ ಎರಡು ವರ್ಷ ಅವಳ ಮುಟ್ಟು ಏರುಪೇರಾಗಿತ್ತು, ರಾತ್ರಿ ಮೀನಖಂಡ ಹಿಡಿದುಕೊಂಡು ಅಳುತ್ತಿದ್ದಳು. ಅಂದಿನ ತರಬೇತುದಾರರು ಅದನ್ನೆಲ್ಲ ಸಹಿಸಿಕೊಳ್ಳಬೇಕೆಂದರು, ನಾವೂ ತಿಳಿಯದೆ ಒಪ್ಪಿದೆವು. ಮೇಲಿನ ತೂಕಕ್ಕೆ ಹೋಗಿ ಹೊಟ್ಟೆ ತುಂಬ ಮುದ್ದೆ, ಕಾಳಿನ ಸಾರು, ಮೊಟ್ಟೆ ತಿನ್ನತೊಡಗಿದ ಮೇಲೆ ಕೆಲವೇ ತಿಂಗಳಲ್ಲಿ ಆರೋಗ್ಯ ನೆಟ್ಟಗಾಯಿತು. ಆದರೆ ಗೆಲುವು ಕೂಡಲೇ ಬರಲಿಲ್ಲ. ಮೊದಲ ನಾಲ್ಕು ಪಂದ್ಯ ಸೋತಳು. ಆ ದಿನಗಳಲ್ಲಿ ನಾನು ನೋಡಿಕೊಂಡದ್ದು ಒಂದನ್ನೇ: ಜೋಗಿಮಟ್ಟಿಯ ಏರನ್ನು ಮೊದಲಿನಷ್ಟೇ ಹೊತ್ತಿನಲ್ಲಿ ಓಡಿ ಹತ್ತುತ್ತಾಳೆಯೇ ಎಂದು. ತೂಕ ಮೂರು ಕೆಜಿ ಹೆಚ್ಚಿದ್ದರೂ ಹೊತ್ತು ಹೆಚ್ಚಾಗಲಿಲ್ಲ. ಬಂದದ್ದು ಬಲವೇ ಎಂದು ಧೈರ್ಯ ತಂದುಕೊಂಡೆ.

ಉತ್ತರ, ದಾವಣಗೆರೆಯ ಹಳೆಯ ಪೈಲ್ವಾನರಿಂದ:

ಗರಡಿಯ ಹಿರಿಯರ ಮಾತನ್ನು ಅಲ್ಲಗಳೆಯಲು ನನಗೆ ಸಂಕೋಚವಾಗುತ್ತದೆ, ಆದರೂ ಹೇಳಬೇಕು. ಜಾತ್ರೆಯ ಕುಸ್ತಿಯಲ್ಲಿ ಜೋಡಿ ಕಟ್ಟುವುದು ಕಣ್ಣಳತೆಯಿಂದ, ಅಲ್ಲಿ ಮೈಭಾರ ಹೆಚ್ಚಿದ್ದಷ್ಟೂ ಪಟ್ಟು ಹಾಕುವವನಿಗೆ ಲಾಭ. ರಿಂಗ್‌ನಲ್ಲಿ ಆ ಭಾರವನ್ನು ಒಂಬತ್ತು ನಿಮಿಷ ಕಾಲ ಮೇಲೆ ಕುಣಿಸಬೇಕು. ಅವನ ಉಡಿದಾರವನ್ನೊಮ್ಮೆ ನೋಡಿ. ತೂಕ ಏರಿದಾಗ ಉಡಿದಾರ ಮೊದಲಿನಷ್ಟೇ ಸಡಿಲವಾಗಿದ್ದು ಅಂಗಿಯ ಭುಜ ಬಿಗಿಯಾಗಿದ್ದರೆ ಒಳ್ಳೆಯದು. ಉಡಿದಾರವೇ ಸೊಂಟಕ್ಕೆ ಕಚ್ಚಿಕೊಂಡಿದ್ದರೆ ತುಪ್ಪವನ್ನು ನಿಲ್ಲಿಸಿ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಕೃತಜ್ಞತೆಗಳು. ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ಕಳೆದ ವರ್ಷವೇ ಸ್ಪರ್ಧೆ ಇಲ್ಲದಾಗ 64 ಇರುತ್ತಿದ್ದನಂತೆ. ಬೈಸಿಕೊಳ್ಳಬೇಕಾದೀತೆಂದು ನಮಗೆ ಹೇಳಿರಲಿಲ್ಲ. ಅಕ್ಕ ಅದನ್ನು ಕೇಳಿ ಕಣ್ಣೀರು ಹಾಕಿದಳು, 60ರ ಮಾತನ್ನು ಮತ್ತೆ ಎತ್ತಲಿಲ್ಲ. ಉಡಿದಾರ ಸಡಿಲವಾಗಿಯೇ ಇದೆ. ವಿಡಿಯೊ ನೋಡಿದಾಗ, ಮೊದಲ ಸೋಲಿನಲ್ಲಿ ಪ್ರತಿ ಸಲ ಹಿಂದೆ ಸರಿದವನು ಇವನೇ; ಎರಡನೆಯದರ ಕೊನೆಯ ಸುತ್ತಿನಲ್ಲಿ ಮೂರು ಸಲ ಎದುರಾಳಿ ಹಿಂದೆ ಸರಿದಿದ್ದಾನೆ. ಹಾಗಾದರೆ 70ರ ವಿಚಾರವನ್ನು ಸಂಪೂರ್ಣ ಬಿಡಬಹುದೇ?

ಮೊದಲ ಉತ್ತರ ಬರೆದವರಿಂದ:

ಈಗ ಬಿಡಿ. ಫಿಲಿಪ್ಪೀನ್ಸ್‌ನ ವೃತ್ತಿಪರ ಬಾಕ್ಸರ್ ಮ್ಯಾನಿ ಪ್ಯಾಕಿಯಾವೊ 1998ರಲ್ಲಿ 50.8 ಕೆಜಿ ಮಿತಿಯ ಫ್ಲೈವೇಟ್ ಕಿರೀಟ ಗೆದ್ದು 69.9 ಕೆಜಿ ಮಿತಿಯ ಕಿರೀಟ ಮುಟ್ಟಿದ್ದು 2010ರಲ್ಲಿ, ಹನ್ನೆರಡು ವರ್ಷಗಳ ಮೇಲೆ. ನಿಮ್ಮ ಹುಡುಗ ಎರಡು ಸೋಲುಗಳ ನಡುವೆಯೇ ಹಿಂದೆ ಸರಿಯುವುದನ್ನು ನಿಲ್ಲಿಸಿದ್ದಾನೆ ಎಂದರೆ 65 ಅವನಿಗೆ ಒಗ್ಗುತ್ತಿದೆ. ವಾರಕ್ಕೆರಡು ದಿನ 70ರ ಹುಡುಗರ ಜೊತೆ ಹತ್ತಿರದಿಂದ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡಿಸಿ, ಜೋರು ಬೇಡ. ಮುಂದಿನ ಐದಾರು ಪಂದ್ಯಗಳ ಮೂರನೆಯ ಸುತ್ತನ್ನು ಇದೇ ರೀತಿ ನೋಡಿ ಬರೆದಿಟ್ಟುಕೊಳ್ಳಿ.