ಇಲ್ಲೇ ಹುಟ್ಟಿದ ಮಗುವಿಗೂ ಐಎಲ್‌ಆರ್ ಹಾಕಬೇಕಾ?

ತಿಂಗಳಿಗೊಮ್ಮೆಯಾದರೂ ಬರುವ ಪ್ರಶ್ನೆ ಇದು: "ನಮ್ಮಿಬ್ಬರ ಐಎಲ್‌ಆರ್ ಜೊತೆ ಲಂಡನ್ನಿನಲ್ಲಿ ಹುಟ್ಟಿದ ಮಗುವಿಗೂ ಹಾಕೋದಾ?" ಐಎಲ್‌ಆರ್ ಅಂದರೆ ಬ್ರಿಟನ್ನಿನಲ್ಲಿ ಕಾಲಮಿತಿಯಿಲ್ಲದೆ ನೆಲೆಸುವ ಅನುಮತಿ. ಮಗುವಿಗೆ ಸಾಮಾನ್ಯವಾಗಿ ಅದು ಬೇಡ. 2025ರ ಏಪ್ರಿಲ್‌ನಲ್ಲಿ ಆ ಶುಲ್ಕ ತಲೆಗೆ 3,029 ಪೌಂಡ್ ಆಯಿತು. ಮಗುವಿನ ಪಾಲಿನದು ದಂಡ.

1983ರ ಜನವರಿ 1ರಿಂದ ಜಾರಿಯಲ್ಲಿರುವ ಬ್ರಿಟಿಷ್ ನ್ಯಾಷನಾಲಿಟಿ ಆಕ್ಟ್ ಪ್ರಕಾರ ಇಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ. ಹುಟ್ಟಿದ ದಿನ ಅಪ್ಪ ಅಮ್ಮನಲ್ಲಿ ಒಬ್ಬರಿಗಾದರೂ ಐಎಲ್‌ಆರ್ ಅಥವಾ ಪೌರತ್ವ ಇದ್ದರೆ ಮಗು ಹುಟ್ಟುತ್ತಲೇ ಬ್ರಿಟಿಷ್. ನೇರ ಪಾಸ್‌ಪೋರ್ಟ್‌ಗೇ ಹಾಕಿ. ಐಎಲ್‌ಆರ್ ಹೆರಿಗೆಯ ಮರುದಿನ ಬಂದಿದ್ದರೂ ದಾರಿ ಬೇರೆ: ಮಗುವನ್ನು ಬ್ರಿಟಿಷ್ ಪ್ರಜೆಯಾಗಿ ನೋಂದಾಯಿಸುವ ಎಂಎನ್1 ಫಾರಂ, ಅದೇ ಕಾಯ್ದೆಯ 1(3)ನೇ ಕಲಮು. ಒಬ್ಬರಿಗೆ ಐಎಲ್‌ಆರ್ ಸಿಕ್ಕರೆ ಸಾಕು, ಮಗುವಿಗೆ 18 ತುಂಬುವುದರೊಳಗೆ ಅರ್ಜಿ ಹೋಗಬೇಕು. ಮಗುವಿನ ಸ್ವಂತ ವೀಸಾ ಯಾವುದೆಂದು ಈ ಕಲಮು ಕೇಳುವುದೇ ಇಲ್ಲ. ಇದು ಹಕ್ಕು, ಹೋಮ್ ಆಫೀಸಿನ (ಬ್ರಿಟನ್ನಿನ ಗೃಹ ಇಲಾಖೆ) ಕೃಪೆಯಲ್ಲ. 10 ತುಂಬಿದ ಮಕ್ಕಳಿಗೆ ನಡತೆಯ ಷರತ್ತೊಂದಿದೆ. ಬೆಂಗಳೂರಿನಲ್ಲಿ ಹುಟ್ಟಿ ಇಲ್ಲಿಗೆ ಬಂದ ಅಕ್ಕನಿಗೆ ಇದೇ ಲೆಕ್ಕ ಹಾಕಬೇಡಿ. ಅವಳದು 3(1)ನೇ ಕಲಮು, ಅಲ್ಲಿ ಅಧಿಕಾರಿಯ ವಿವೇಚನೆಯೇ ದೊಡ್ಡದು.

ಅಪ್ಪ ಅಮ್ಮನಿಗೆ ಐಎಲ್‌ಆರ್ ಬರಲೇ ಇಲ್ಲ ಅಂದರೆ? ಮಗು ಇಲ್ಲಿ ಹುಟ್ಟಿ, ಮೊದಲ ಹತ್ತು ವರ್ಷ ಇಲ್ಲೇ ಬೆಳೆದಿದ್ದರೆ 1(4)ನೇ ಕಲಮು, ಫಾರಂ ಟಿ. ಯಾವ ವರ್ಷವೂ 90 ದಿನಕ್ಕಿಂತ ಹೆಚ್ಚು ಹೊರಗಿರಬಾರದು. ವರ್ಷ ಎಣಿಸುವುದು ಹುಟ್ಟುಹಬ್ಬದಿಂದ ಹುಟ್ಟುಹಬ್ಬಕ್ಕೆ, ಜನವರಿಯಿಂದ ಅಲ್ಲ. ಬಾಣಂತನಕ್ಕೆಂದು ಕೂಸನ್ನು ಊರಿಗೆ ಕರೆದುಕೊಂಡು ಹೋಗಿ ಐದು ತಿಂಗಳು ಇದ್ದವರು ಇಲ್ಲೇ ಎಡವುವುದು. ವಿನಾಯಿತಿ ಕೊಡುವ ಅಧಿಕಾರ ಹೋಮ್ ಆಫೀಸಿಗಿದೆ, ಆದರೆ ಕಾರಣ ಬರೆದು ಕೇಳಬೇಕು. ಕೆಂಪು ಆರೋಗ್ಯ ಪುಸ್ತಕ, ಜಿಪಿ (ಕುಟುಂಬ ವೈದ್ಯರ) ಪತ್ರ, ನರ್ಸರಿ ಮತ್ತು ಶಾಲೆಯ ಪತ್ರ, ಹಳೇ ಪಾಸ್‌ಪೋರ್ಟು ಯಾವುದನ್ನೂ ಎಸೆಯಬೇಡಿ.

ಎಂಎನ್1ಗೆ ಅಪ್ಪ ಅಮ್ಮನ ಹೆಸರಿರುವ ಉದ್ದನೆಯ ಜನನ ಪ್ರಮಾಣಪತ್ರವೇ ಬೇಕು, ಚಿಕ್ಕದು ನಡೆಯದು. ಮಗುವಿನ ಗುರುತಿಗೆ ಸಾಕ್ಷಿ ಹೇಳುವ ರೆಫರಿ ಇಬ್ಬರು: ಒಬ್ಬರು ಮಗುವನ್ನು ವೃತ್ತಿಯಲ್ಲಿ ಕಂಡವರು, ಅಂದರೆ ಟೀಚರ್, ಹೆಲ್ತ್ ವಿಸಿಟರ್ ಅಂಥವರು, ಇನ್ನೊಬ್ಬರು ಸಾಮಾನ್ಯವಾಗಿ ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು. ಚಿಕ್ಕಪ್ಪ, ಸೋದರಮಾವ ಆಗುವುದಿಲ್ಲ.

*

ಮೇಲಿನ ಮಾತಿಗೆ ನನ್ನದೊಂದು ಸೇರಿಕೆ. ಹಕ್ಕು ಅಂತೀರಿ, ಸರಿ, ಆದರೆ ಬೇಲಿಯೂ ಇದೆ: ಮಗುವಿನ ಪೌರತ್ವ ನೋಂದಣಿಯ ಶುಲ್ಕ. ಅದು 1,012 ಪೌಂಡ್ ಇದ್ದಾಗ ಅರ್ಜಿಗೆ ತಗಲುವ ಖರ್ಚು 372 ಪೌಂಡ್ ಎಂದು ಹೋಮ್ ಆಫೀಸೇ ಲೆಕ್ಕ ಕೊಟ್ಟಿತ್ತು. ಮಕ್ಕಳ ಹಿತವನ್ನು ಪರಿಗಣಿಸದೆ ಶುಲ್ಕ ನಿಗದಿ ಮಾಡಿದ್ದೀರಿ ಎಂದು 2021ರಲ್ಲಿ ಅಪೀಲ್ ಕೋರ್ಟು ತಪ್ಪು ಹಿಡಿಯಿತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಮಾತ್ರ, ಖರ್ಚಿಗಿಂತ ಹೆಚ್ಚು ವಸೂಲಿ ಮಾಡಲು 2014ರ ಇಮಿಗ್ರೇಷನ್ ಕಾಯ್ದೆಯಲ್ಲಿ ಪಾರ್ಲಿಮೆಂಟೇ ಅವಕಾಶ ಕೊಟ್ಟಿದೆ, ನಾವೇನೂ ಮಾಡಲಾಗದು ಎಂದಿತು. ಭಾರತದಲ್ಲಿ ಸಂವಿಧಾನ ಮೀರಿದ ಕಾಯ್ದೆಯನ್ನು ಕೋರ್ಟು ರದ್ದು ಮಾಡಬಹುದು. ಇಲ್ಲಿ ಆ ಅಧಿಕಾರವಿಲ್ಲ: 1998ರ ಹ್ಯೂಮನ್ ರೈಟ್ಸ್ ಆಕ್ಟ್ ಅಡಿ ಹೆಚ್ಚೆಂದರೆ ಮಾನವ ಹಕ್ಕುಗಳಿಗೆ "ಹೊಂದುವುದಿಲ್ಲ" ಎಂದು ಘೋಷಿಸಬಹುದು, ಕಾಯ್ದೆ ಹಾಗೇ ಉಳಿಯುತ್ತದೆ. ಹಾಗಂತ ಆ ಕೇಸು ವ್ಯರ್ಥವಾಗಲಿಲ್ಲ. 2022ರ ಜೂನ್‌ನಿಂದ, ಕಟ್ಟುವ ಶಕ್ತಿಯಿಲ್ಲದ ಕುಟುಂಬದ ಮಕ್ಕಳಿಗೆ ಶುಲ್ಕ ಮನ್ನಾ ಇದೆ. 2023ರ ಅಕ್ಟೋಬರ್‌ನಲ್ಲಿ ಶುಲ್ಕ 1,214 ಆಯಿತು. ಅರ್ಜಿ ಹಾಕುವ ದಿನದ ದರವನ್ನು ಸರ್ಕಾರದ ಜಾಲತಾಣ ಗೌ.ಯುಕೆಯಲ್ಲೇ (gov.uk) ನೋಡಿ.

*

ಪ್ರಯಾಣದ ವಿಷಯ ಯಾರೂ ಹೇಳಲಿಲ್ಲ. ಅರ್ಜಿ ಬಾಕಿ ಇರುವಾಗ ಮಗುವಿನ ಡಿಪೆಂಡೆಂಟ್ ವೀಸಾ ಮುಗಿದರೆ ಪೌರತ್ವದ ಹಕ್ಕಿಗೆ ಧಕ್ಕೆಯಿಲ್ಲ, ಆದರೆ ಆಗ ಊರಿಗೆ ಹೋದರೆ ಮರಳಿ ಬರಲು ಕಷ್ಟ. ನೋಂದಣಿ ಆದ ಮೇಲೆ ಭಾರತೀಯ ಪಾಸ್‌ಪೋರ್ಟ್ ಬಳಸುವಂತಿಲ್ಲ, ಸರೆಂಡರ್ ಮಾಡಬೇಕು. ಮೊದಲು ಸರ್ಟಿಫಿಕೇಟು, ಆಮೇಲೆ ಬ್ರಿಟಿಷ್ ಪಾಸ್‌ಪೋರ್ಟು, ಆಮೇಲೆ ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡು) ಅಥವಾ ಭಾರತದ ವೀಸಾ. ಇಷ್ಟೂ ಕೈಗೆ ಬರುವ ತನಕ ಬೇಸಿಗೆ ರಜೆಯ ಟಿಕೆಟ್ ಬುಕ್ ಮಾಡಬೇಡಿ.