ಮರು: 'ಚಾರ್ಜ್ ಹೋಲ್ಡ್' ಬಟನ್ನಿಗೆ ಕನ್ನಡ ಪದ ಬೇಕು, ತುರ್ತು

ಸರ್, ಪ್ಲಗ್-ಇನ್ ಹೈಬ್ರಿಡ್ ಕಾರಿನ (ಪೆಟ್ರೋಲ್ ಎಂಜಿನ್ನೂ ಇರುವ, ಪ್ಲಗ್ ಹಾಕಿ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರು) ಕೈಪಿಡಿ ಸಂಜೆಯೇ ಪ್ರೆಸ್ಸಿಗೆ ಹೋಗಬೇಕು, ಬ್ಯಾಟರಿ ಚಾರ್ಜನ್ನು ಆಮೇಲಿಗೆ ಎತ್ತಿಡುವ 'ಚಾರ್ಜ್ ಹೋಲ್ಡ್' ಬಟನ್ನಿಗೆ ಕನ್ನಡ ಪದ ಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ: 'ಮೀಸಲು'. ಬಟನ್ ಮೇಲೆ ಅಷ್ಟೇ ಸಾಕು. ವಿವರಣೆಯಲ್ಲಿ 'ಚಾರ್ಜ್ ಮೀಸಲು' ಅಂತ ಹಾಕಿ.

'ಉಳಿಸು' ಬೇಡವೇ ಬೇಡ. ಪಕ್ಕದ, ಪೆಟ್ರೋಲ್ ಕಮ್ಮಿ ಸುಡುವ ಇಕೋ ಬಟನ್ನಿಗೆ ನೀವೇ 'ಉಳಿತಾಯ' ಅಂತ ಕೊಟ್ಟಿದ್ದೀರಿ. ಎರಡನ್ನೂ ನೋಡಿದವರು ಪೆಟ್ರೋಲ್ ಉಳಿಯುತ್ತೆ ಅಂದುಕೊಳ್ಳುತ್ತಾರೆ, ಆಗುವುದೇ ಬೇರೆ. ತುಮಕೂರಿನಿಂದ ಬರುವಾಗ 'ಚಾರ್ಜ್ ಹೋಲ್ಡ್' ಒತ್ತಿದರೆ ಹೈವೇಯಲ್ಲಿ ಹೆಚ್ಚಿನ ಕೆಲಸ ಎಂಜಿನ್ನಿನದ್ದು, ಬ್ಯಾಟರಿ ಮಟ್ಟ ಚೂರು ಏರುತ್ತಾ ಇಳಿಯುತ್ತಾ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ, ಆಮೇಲೆ ಬೆಂಗಳೂರಿನ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ತೆವಳುವಾಗ ಆ ಚಾರ್ಜ್ ಕೆಲಸಕ್ಕೆ ಬರುತ್ತದೆ. ಅಂದರೆ ಮುಂದೆ ಬೇಕಾಗುತ್ತೆ ಅಂತ ಮುಟ್ಟದೆ ಎತ್ತಿಡುವುದು. 'ಮೀಸಲು' ಪದದ ಹಳೆಯ ಅರ್ಥವೂ ಅದೇ. ದೇವರಿಗೆ ಅಂತ ತೆಗೆದಿಟ್ಟದ್ದು, ಅಲ್ಲಿಯವರೆಗೆ ಬೇರೆ ಯಾರೂ ಮುಟ್ಟಬಾರದ್ದು. ಅಚ್ಚಗನ್ನಡ ಪದ, ಹಳಗನ್ನಡದಲ್ಲಿ 'ಮೀಸಲ್'. ಬಿಎಂಟಿಸಿ ಬಸ್ಸಿನ 'ಮಹಿಳೆಯರಿಗೆ ಮೀಸಲು' ದಿನಾ ಓದುವ ಊರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 'ಕಾಯ್ದಿರಿಸು' ಉದ್ದವಾಯಿತು, ಬಟನ್ನಿನಲ್ಲಿ ಹಿಡಿಯಲ್ಲ.

ಹೈಬ್ರಿಡ್ ಕಾರಿಗೆ 'ಮಿಶ್ರತಳಿ ಕಾರು' ಅಂದವರಿಗೆ: ತಳಿ ಇರುವುದು ಭತ್ತಕ್ಕೆ, ಹಸುವಿಗೆ. ಹೈಬ್ರಿಡ್ ಅಂತಲೇ ಬಿಡಿ.

'ಬ್ಯಾಟರಿ', 'ಚಾರ್ಜ್' ಎರಡನ್ನೂ ಕಿತ್ತು 'ವಿದ್ಯುತ್ಕೋಶ', 'ವಿದ್ಯುದಾವೇಶ' ತರಬೇಕು ಅನ್ನುವ ವಾದ ನಮ್ಮ ಈ ಮೇಲಿಂಗ್ ಲಿಸ್ಟಿನಲ್ಲಿ ಮತ್ತೆ ಮತ್ತೆ ಬರುತ್ತದೆ. ನಾನು ಒಪ್ಪಲ್ಲ. ಅದು ಸಂಸ್ಕೃತದಿಂದ ತಂದ ಸಾಲ, ಇದು ಇಂಗ್ಲಿಷಿನಿಂದ ತಂದ ಸಾಲ. ಎರಡೂ ಸಾಲವೇ ಆದ ಮೇಲೆ ಜನರ ಬಾಯಲ್ಲಿ ಇರುವುದು ನಿಲ್ಲಬೇಕು, ಅಲ್ವಾ? 'ಚಾರ್ಜಿಗೆ ಹಾಕು', 'ಚಾರ್ಜ್ ಇಳಿದಿದೆ' ಅನ್ನುತ್ತೇವೆ. ಪ್ರತ್ಯಯ, ಕ್ರಿಯಾಪದ ಎಲ್ಲ ಹತ್ತಿಕೊಂಡು ಆ ಪದ ನಮ್ಮದಾಗಿದೆ. 'ಹೋಲ್ಡ್' ಹಾಗೆ ಆಗಿಲ್ಲ. ನಮ್ಮದೇ ಪದ ಕೈಯಲ್ಲಿರುವಾಗ ಅದನ್ನು ಸುಮ್ನೆ ಕನ್ನಡ ಅಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳುವುದು ಸೋಮಾರಿತನ.

ಇನ್ನು 'ಚಾರ್ಜ್ ಮೋಡ್' ಬಟನ್ನಿಗೆ ಬರೀ 'ಚಾರ್ಜ್' ಹಾಕಬೇಡಿ, ಪ್ಲಗ್ ಹಾಕುವುದು ಅಂದುಕೊಳ್ಳುತ್ತಾರೆ. 'ಎಂಜಿನ್ ಚಾರ್ಜ್' ಅನ್ನಿ. ಅಲ್ಲಿ ಎಂಜಿನ್ ಪೆಟ್ರೋಲ್ ಸುಟ್ಟು ಬ್ಯಾಟರಿ ತುಂಬುತ್ತದೆ, ಒಂದೊಂದು ಹಂತದಲ್ಲೂ ಶಕ್ತಿ ಸೋರುತ್ತದೆ, ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಹೆಸರಲ್ಲಿ 'ಎಂಜಿನ್' ಇದ್ದರೆ ಒತ್ತುವ ಮೊದಲು ಅದು ಹೊಳೆಯುತ್ತದೆ.

ಇನ್ನೊಂದು. ನಿಮ್ಮ ಕರಡಿನಲ್ಲಿ 'ಬ್ಯಾಟರಿ ಖಾಲಿ' ಅಂತ ಇದೆ, ಅದು ತಪ್ಪು. ಮೀಟರ್ ಸೊನ್ನೆ ತೋರಿಸಿದರೂ ಹೈಬ್ರಿಡ್ ಓಟಕ್ಕೆ ಬೇಕಾದಷ್ಟು ಚಾರ್ಜನ್ನು ಕಾರು ಒಳಗೆ ಇಟ್ಟುಕೊಂಡೇ ಇರುತ್ತದೆ. 'ಬ್ಯಾಟರಿ ಓಟ ಮುಗಿದಿದೆ' ಅಂತ ತಿದ್ದಿ ಕಳಿಸಿ.