ಗುಡ್ಡದ ಬಯಲಿನಲ್ಲಿ ಮರ ನೆಟ್ಟರೆ ಕರ್ಲ್ಯೂ ಗೂಡುಗಳಿಗೇನಾಗುತ್ತದೆ?

ಪ್ರಶ್ನೆ: ಬ್ರಿಟನ್ನಿನ ಗುಡ್ಡಗಾಡಿನಲ್ಲಿ ಕರ್ಲ್ಯೂ (ಉದ್ದ ಬಾಗಿದ ಕೊಕ್ಕಿನ ಹಕ್ಕಿ), ಟಿಟ್ಟಿಭಗಳು ನೆಲದಲ್ಲೇ ಮೊಟ್ಟೆ ಇಡುತ್ತವೆ. ಪಕ್ಕದಲ್ಲಿ ನೆಡುತೋಪು ಬಂದರೆ ಹಾನಿ ತೋಪಿನೊಳಗಷ್ಟೇ ತಾನೇ?

ಉತ್ತರ 1: ಅಲ್ಲ, ಅಂಚಿನಾಚೆಗೂ ಹರಡುತ್ತದೆ. ನರಿಗೆ ತೋಪು ಅಡಗುದಾಣ, ಕಾಗೆಗೆ ಗೂಡು ಕಟ್ಟುವ ಜಾಗ ಮತ್ತು ಬಯಲನ್ನೆಲ್ಲ ನೋಡುವ ಕಾವಲುಗೋಪುರ. ಹಕ್ಕಿಗಳೂ ಮರದಂಚಿನಿಂದ ದೂರ ಸರಿಯುತ್ತವೆ. ಹಾಗಾಗಿ ಚಿಕ್ಕ ತೋಪುಗಳನ್ನು ಅಲ್ಲಲ್ಲಿ ಚದುರಿಸುವುದೇ ಹೆಚ್ಚು ಕೆಡುಕು: ಅಷ್ಟೇ ಮರಕ್ಕೆ ಅಂಚು ಎಷ್ಟೋ ಪಟ್ಟು ಉದ್ದವಾಗುತ್ತದೆ.

ಉತ್ತರ 2: ಬೇಟೆಗಾರ ಪ್ರಾಣಿಗಳ ಪಾತ್ರಕ್ಕೆ ಗಟ್ಟಿ ಪುರಾವೆ ಇಂಗ್ಲೆಂಡಿನ ನಾರ್ತಂಬರ್‌ಲೆಂಡ್‌ನ ಆಟರ್‌ಬರ್ನ್ ಪ್ರಯೋಗ (2000–2008). ನರಿ, ಕಾಗೆ, ಮುಂಗುಸಿಯಂಥ ಸಣ್ಣ ಬೇಟೆಪ್ರಾಣಿಯಾದ ಸ್ಟೋಟ್‌ಗಳನ್ನು ನಿಯಂತ್ರಿಸಿದಲ್ಲಿ ಕರ್ಲ್ಯೂ, ಟಿಟ್ಟಿಭ, ಗೋಲ್ಡನ್ ಪ್ಲೋವರ್‌ಗಳ ಸಂತಾನ ಸಾಫಲ್ಯ ಸುಮಾರು 3 ಪಟ್ಟಾಯಿತು. ಮರ ಹೆಚ್ಚಿದಷ್ಟೂ ಈ ನಿಯಂತ್ರಣದ ಕೆಲಸವೂ ಹೆಚ್ಚುತ್ತದೆ. ಅದನ್ನು ಯೋಜನೆಯಲ್ಲಿ ಲೆಕ್ಕಕ್ಕೇ ಹಿಡಿಯದಿರುವುದು ದೊಡ್ಡ ತಪ್ಪು.

ಪ್ರಶ್ನೆ ಕೇಳಿದವರು: ಗೂಡಿನ ಸುತ್ತ ವಿದ್ಯುತ್ ಬೇಲಿ ಸಾಲದೇ?

ಉತ್ತರ 3: ಮೊಟ್ಟೆಗೆ ಸಹಾಯ, ಮರಿಗೆ ಅಲ್ಲ. ಕರ್ಲ್ಯೂ ಇಡುವುದು ಸಾಮಾನ್ಯವಾಗಿ 4 ಮೊಟ್ಟೆ. ಎಲ್ಲ ಇಟ್ಟು ಕಾವು ಶುರುವಾದ ಮೇಲೆ ಬೇಲಿ ಹಾಕಿ, ಬೇಗ ಮುಗಿಸಿ, ಹಕ್ಕಿ ಗೂಡಿಗೆ ಮರಳುವವರೆಗೆ ದೂರದಿಂದ ಗಮನಿಸಿ. ಹುಲ್ಲು ಕೆಳತಂತಿಗೆ ತಾಗಿದರೆ ವಿದ್ಯುತ್ ನೆಲಕ್ಕೆ ಸೋರಿ ನರಿ ನುಗ್ಗುತ್ತದೆ. ಕಾಗೆಗಂತೂ ಬೇಲಿಯೇ ಲೆಕ್ಕವಿಲ್ಲ. ಸುಮಾರು 4 ವಾರಕ್ಕೆ ಮೊಟ್ಟೆಯೊಡೆದು ಬಂದ ಮರಿಗಳು ಬೇಗನೇ ಬೇಲಿ ದಾಟಿ ಹೋಗುತ್ತವೆ. ಹಾರಲು ಇನ್ನೂ ಸುಮಾರು 5 ವಾರ ಬೇಕು. ಹೆಚ್ಚು ಸಾಯುವುದು ಆಗಲೇ. ಆದ್ದರಿಂದ ಬೇಲಿಯನ್ನೇ ನಂಬದೆ, ಎಲ್ಲಿ ನೆಡಬಾರದೆಂದು ತಿಳಿಯಲು ಗಿಡ ನೆಡುವ ಮುಂಚೆಯೇ, ಏಪ್ರಿಲ್‌ನಿಂದ ಜೂನ್‌ವರೆಗೆ, ಗೂಡುಗಳ ಸಮೀಕ್ಷೆ ಮಾಡಿಸಿ.